ಶಿಷ್ಯರಿಗೆ ಸಲ್ಲುವ ಗೌರವ: ಶಿಕ್ಷಕರನ್ನು ರೂಪಿಸುವ ಶಾಲೆಯ ಕಠಿಣ ಲೆಕ್ಕ

ಡಾ. ಎಸ್. ರಾಧಾಕೃಷ್ಣನ್ ಅವರು 1921ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ, ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದೊಯ್ದ ಸಂಗತಿ ಕನ್ನಡಿಗರಿಗೆ ಚಿರಪರಿಚಿತ. ಅದು ಶಿಷ್ಯರು ಗುರುವಿಗೆ ಸಲ್ಲಿಸಿದ ಗೌರವ. ಇದೇ ಸಂಬಂಧಕ್ಕೆ ಇನ್ನೊಂದು ಮುಖವೂ ಉಂಟು. ವಿದ್ಯಾಸಂಸ್ಥೆಯೇ ತನ್ನ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ, ‘ನೀನು ನಮ್ಮ ಹೆಸರು ಉಳಿಸಿದೆ’ ಎಂದು ಸಾರ್ವಜನಿಕವಾಗಿ ಹೇಳುವುದು.

ಎಂಜಿನಿಯರಿಂಗ್ ಅಥವಾ ವಾಣಿಜ್ಯ ಶಿಕ್ಷಣ ನೀಡುವ ಸಂಸ್ಥೆಗಳಿಗೆ ಈ ಕೆಲಸ ಸುಲಭ. ಕಟ್ಟಿದ ಸೇತುವೆ, ಬೆಳೆಸಿದ ಕಂಪನಿ, ಏರಿದ ಹುದ್ದೆ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಆದರೆ ಶಿಕ್ಷಣಶಾಸ್ತ್ರ ಮತ್ತು ಮನಃಶಾಸ್ತ್ರ ವಿಭಾಗಗಳಿಂದ ಹೊರಬಂದವರ ಸಾಧನೆ ಇರುವುದು ಬೇರೆಯವರ ಬದುಕಿನಲ್ಲಿ. ಅಕ್ಷರ ಕೂಡಿಸಲಾರದೆ ಅಳುತ್ತಿದ್ದ ಮಗು ಓದಲು ಕಲಿತರೆ, ಬದುಕೇ ಬೇಡವೆಂದವನು ಮತ್ತೆ ಕೆಲಸಕ್ಕೆ ಹೋಗತೊಡಗಿದರೆ, ಅದರ ಹಿಂದಿದ್ದ ಶಿಕ್ಷಕ ಅಥವಾ ಆಪ್ತಸಮಾಲೋಚಕನ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ. ಹಾಗಿರುವಾಗ ಗೌರವಿಸುವುದು ಯಾರನ್ನು? ಯಾವ ಆಧಾರದ ಮೇಲೆ? ಈ ಪ್ರಶ್ನೆಗೆ ಶತಮಾನಕ್ಕೂ ಹೆಚ್ಚು ಕಾಲದ ಅನುಭವವುಳ್ಳ ಒಂದು ಸಂಸ್ಥೆಯ ಇತಿಹಾಸದಲ್ಲಿ ಉತ್ತರ ಹುಡುಕಬಹುದು. ಅದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜು.

ವಲಸಿಗರ ನಗರದಲ್ಲಿ ಹುಟ್ಟಿದ ಶಾಲೆ

ಸಮಾಜ ಸೇವಕಿ ಗ್ರೇಸ್ ಡಾಡ್ಜ್ ಹಾಗೂ ತತ್ವಶಾಸ್ತ್ರಜ್ಞ ನಿಕೊಲಸ್ ಮರ್ರೆ ಬಟ್ಲರ್ ಅವರ ಪ್ರಯತ್ನದಿಂದ 1887ರಲ್ಲಿ ಈ ಸಂಸ್ಥೆ ಆರಂಭವಾಯಿತು. ನ್ಯೂಯಾರ್ಕಿನ ಬಡವರ ಹಾಗೂ ವಲಸಿಗರ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರನ್ನು ಸಿದ್ಧಪಡಿಸುವುದು ಅದರ ಮೂಲ ಉದ್ದೇಶ. 1892ರಲ್ಲಿ ಈಗಿನ ಹೆಸರು ಬಂದಿತು. ಮುಂದೆ ಕೊಲಂಬಿಯಾ ವಿಶ್ವವಿದ್ಯಾನಿಲಯದೊಂದಿಗೆ ಸಂಯೋಜನೆ ಹೊಂದಿತು. ಶಿಕ್ಷಣ, ಮನಃಶಾಸ್ತ್ರ ಮತ್ತು ಆರೋಗ್ಯ ಈ ಮೂರು ವಿಷಯಗಳ ಉನ್ನತ ಅಧ್ಯಯನ ಇಲ್ಲಿ ನಡೆಯುತ್ತದೆ.

ನಮ್ಮಲ್ಲಿ ಡಿ.ಎಡ್., ಬಿ.ಎಡ್. ಓದಿದವರಿಗೆ ಈ ಕಾಲೇಜಿನ ಹೆಸರು ತಿಳಿಯದಿದ್ದರೂ ಅದರ ಫಲ ತಿಳಿದಿದೆ. ‘ಪ್ರಯತ್ನ-ದೋಷ ಕಲಿಕೆ’ಯ ಥಾರ್ನ್‌ಡೈಕ್, ‘ಯೋಜನಾ ಪದ್ಧತಿ’ಯ ಕಿಲ್‌ಪ್ಯಾಟ್ರಿಕ್ ಇಬ್ಬರೂ ಇಲ್ಲಿಯ ಅಧ್ಯಾಪಕರು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಹೆಸರುಗಳ ಹಿಂದೆ ಜೀವಂತ ತರಗತಿಗಳಿದ್ದವು.

ಹಳೆಯ ವಿದ್ಯಾರ್ಥಿಗಳಲ್ಲಿ ಗಣ್ಯರಾದವರಿಗೆ ಪ್ರಶಸ್ತಿ ನೀಡುವ ಪರಿಪಾಠವನ್ನು ಈ ಕಾಲೇಜು ಇರಿಸಿಕೊಂಡಿದೆ. ವೃತ್ತಿಯ ಆರಂಭದ ಹಂತದಲ್ಲಿರುವವರಿಗೂ ಪ್ರತ್ಯೇಕ ಪ್ರಶಸ್ತಿ ಇರುವುದು ಗಮನಾರ್ಹ. ನಿವೃತ್ತಿಯ ನಂತರ ಹೊದಿಸುವ ಶಾಲು ಸಂತೋಷ ಕೊಡುತ್ತದೆ. ಮೂವತ್ತರ ಆಸುಪಾಸಿನಲ್ಲಿ ದೊರೆಯುವ ಮನ್ನಣೆ ಮುಂದಿನ ಕೆಲಸಕ್ಕೆ ಬಲವಾಗುತ್ತದೆ.

ಗುರುವಿನ ಮಾತನ್ನೇ ಪರೀಕ್ಷಿಸಿದ ಶಿಷ್ಯೆ

ಲೀಟಾ ಹಾಲಿಂಗ್‌ವರ್ತ್ ಅಮೆರಿಕದ ನೆಬ್ರಾಸ್ಕಾದಲ್ಲಿ ಶಿಕ್ಷಕಿಯಾಗಿದ್ದವರು. 1908ರಲ್ಲಿ ವಿವಾಹವಾಗಿ ನ್ಯೂಯಾರ್ಕಿಗೆ ಬಂದಾಗ ಅವರಿಗೊಂದು ಆಘಾತ ಕಾದಿತ್ತು. ವಿವಾಹಿತ ಸ್ತ್ರೀಯರಿಗೆ ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳಲು ಅವಕಾಶವಿರಲಿಲ್ಲ. ಮನೆಯಲ್ಲಿ ಕುಳಿತ ಶಿಕ್ಷಕಿ ಮುಂದೆ ಟೀಚರ್ಸ್ ಕಾಲೇಜಿನ ವಿದ್ಯಾರ್ಥಿನಿಯಾದರು.

ಋತುಸ್ರಾವದ ದಿನಗಳಲ್ಲಿ ಹೆಣ್ಣಿನ ಬುದ್ಧಿಶಕ್ತಿ ಕುಗ್ಗುತ್ತದೆಂದು ಅಂದಿನ ವೈದ್ಯರೂ ವಿದ್ವಾಂಸರೂ ನಂಬಿದ್ದರು. ಲೀಟಾ ಇದನ್ನೇ ತಮ್ಮ ಮಹಾಪ್ರಬಂಧದ ವಿಷಯವಾಗಿಸಿಕೊಂಡರು. ದಿನದಿನವೂ ಪರೀಕ್ಷೆ ನಡೆಸಿ, ಅಂಥ ಕುಸಿತಕ್ಕೆ ಯಾವ ಆಧಾರವೂ ಇಲ್ಲವೆಂದು 1914ರಲ್ಲಿ ಪ್ರಕಟಿಸಿದರು. ಗಂಡಸರಲ್ಲಿ ಸಾಮರ್ಥ್ಯದ ವೈವಿಧ್ಯ ಹೆಚ್ಚು, ಆದ್ದರಿಂದಲೇ ಮೇಧಾವಿಗಳೆಲ್ಲ ಗಂಡಸರು ಎಂಬ ವಾದವನ್ನೂ ಅವರು ಬಿಡಲಿಲ್ಲ. ಸಹೋದ್ಯೋಗಿಯೊಬ್ಬರೊಂದಿಗೆ 1,000 ಗಂಡು ಹಾಗೂ 1,000 ಹೆಣ್ಣು ನವಜಾತ ಶಿಶುಗಳ ದೇಹದ ಅಳತೆಗಳನ್ನು ಹೋಲಿಸಿದಾಗ ಆ ವಾದಕ್ಕೆ ಬೆಂಬಲ ಸಿಗಲಿಲ್ಲ.

ಈ ವಾದವನ್ನು ಎತ್ತಿಹಿಡಿದಿದ್ದವರಲ್ಲಿ ಲೀಟಾ ಅವರ ಮಾರ್ಗದರ್ಶಕ ಥಾರ್ನ್‌ಡೈಕ್ ಪ್ರಮುಖರು. ಅದೇ ಮಾರ್ಗದರ್ಶಕರ ಅಡಿಯಲ್ಲಿ ಲೀಟಾ 1916ರಲ್ಲಿ ಡಾಕ್ಟರೇಟ್ ಪಡೆದರು. ಅದೇ ಕಾಲೇಜಿನಲ್ಲಿ ಅಧ್ಯಾಪಕಿಯೂ ಆದರು. ಭಿನ್ನಮತದ ಶಿಷ್ಯೆಗೆ ಪದವಿ ಕೊಟ್ಟು, ತನ್ನ ಪಕ್ಕದಲ್ಲೇ ಪೀಠ ಕೊಡುವುದು ಒಂದು ವಿದ್ಯಾಸಂಸ್ಥೆ ಸಲ್ಲಿಸಬಹುದಾದ ಉನ್ನತ ಗೌರವಗಳಲ್ಲೊಂದು ಎನ್ನಬೇಕು.

ಪದವಿ ಪೂರೈಸದವರೂ ಸಾಧಕರೇ

ಪ್ರಮಾಣಪತ್ರವೇ ಸಾಧನೆಯ ಅಳತೆಯಲ್ಲ ಎಂಬುದಕ್ಕೆ ಚೀನಾದ ಟಾವ್ ಷಿಂಗ್‌ಜಿ ಉತ್ತಮ ನಿದರ್ಶನ. 1915ರಿಂದ 1917ರವರೆಗೆ ಟೀಚರ್ಸ್ ಕಾಲೇಜಿನಲ್ಲಿ ಓದಿದ ಅವರು ಜಾನ್ ಡ್ಯೂಯಿ ಅವರ ವಿಚಾರಗಳಿಂದ ಪ್ರಭಾವಿತರಾದರು. ಡಾಕ್ಟರೇಟ್ ಪೂರೈಸುವ ಮೊದಲೇ ಸ್ವದೇಶಕ್ಕೆ ಮರಳಿದರು. 1927ರಲ್ಲಿ ನಾನ್‌ಜಿಂಗ್ ಸಮೀಪದ ಹಳ್ಳಿಯಲ್ಲಿ ಗ್ರಾಮೀಣ ಶಿಕ್ಷಕರ ತರಬೇತಿ ಶಾಲೆ ತೆರೆದರು. 1930ರಲ್ಲಿ ಸರ್ಕಾರ ಅದನ್ನು ಮುಚ್ಚಿಸಿತು. ಅವರು ಎದೆಗುಂದದೆ, ಅಕ್ಷರ ಕಲಿತ ಮಕ್ಕಳೇ ಮನೆಯ ಹಿರಿಯರಿಗೆ ಹಾಗೂ ಓರಗೆಯವರಿಗೆ ಕಲಿಸುವ ‘ಪುಟ್ಟ ಶಿಕ್ಷಕರು’ ಎಂಬ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಕಟ್ಟಡ ಮುಚ್ಚಬಹುದು, ಮಗುವಿನ ಬಾಯಿ ಮುಚ್ಚಿಸಲಾಗದು ಎಂಬುದನ್ನು ಅವರು ಮಾಡಿ ತೋರಿಸಿದರು.

ಅದೇ ಅವಧಿಯಲ್ಲಿ, ಅಂದರೆ 1913ರಿಂದ 1916ರವರೆಗೆ, ಕೊಲಂಬಿಯಾದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿ ಡಾ. ಬಿ.ಆರ್. ಅಂಬೇಡ್ಕರ್. ಅವರು ಟೀಚರ್ಸ್ ಕಾಲೇಜಿನವರಲ್ಲ, ಅರ್ಥಶಾಸ್ತ್ರದ ವಿದ್ಯಾರ್ಥಿ. ಆದರೆ ಡ್ಯೂಯಿ ಅವರ ಉಪನ್ಯಾಸಗಳನ್ನು ಕೇಳಿದವರು. ಆ ವಿದ್ಯಾರ್ಥಿಗೆ ಕೊಲಂಬಿಯಾ 1952ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಅಲ್ಲಿಂದ ಹೊರಟು 36 ವರ್ಷಗಳಾಗಿದ್ದವು. ಅಷ್ಟರಲ್ಲಿ ಒಂದು ದೇಶದ ಸಂವಿಧಾನ ರಚನೆಯಾಗಿತ್ತು. ಶಿಕ್ಷಣದ ಫಲ ಕಾಣಲು ಕೆಲವೊಮ್ಮೆ ಇಷ್ಟು ಕಾಲ ಕಾಯಬೇಕಾಗುತ್ತದೆ.

ಶಿಶುಪಾಲನೆಯಿಂದ ಸಂಸತ್ತಿಗೆ

ಶರ್ಲಿ ಚಿಸಮ್ ಹಗಲು ಶಿಶುವಿಹಾರದಲ್ಲಿ ದುಡಿಯುತ್ತ, ರಾತ್ರಿ ತರಗತಿಗಳಲ್ಲಿ ಕುಳಿತು ಟೀಚರ್ಸ್ ಕಾಲೇಜಿನಿಂದ ಬಾಲ್ಯ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಮುಂದೆ ನ್ಯೂಯಾರ್ಕಿನಲ್ಲಿ ಮಕ್ಕಳ ಪಾಲನಾ ಕೇಂದ್ರವೊಂದರ ನಿರ್ದೇಶಕಿಯಾದರು. 1968ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಪ್ರಥಮ ಕಪ್ಪು ಮಹಿಳೆ ಎನಿಸಿದರು. 1972ರಲ್ಲಿ ಅಧ್ಯಕ್ಷೀಯ ಸ್ಥಾನದ ಉಮೇದುವಾರಿಕೆಗೂ ಇಳಿದರು. ದುಡಿಯುವ ತಾಯಂದಿರ ಮಕ್ಕಳಿಗೆ ಸರ್ಕಾರಿ ನೆರವಿನ ಪಾಲನಾ ಕೇಂದ್ರಗಳು ಬೇಕೆಂದು ಸಂಸತ್ತಿನಲ್ಲಿ ಅವರು ವಾದಿಸಿದ್ದು ಪುಸ್ತಕ ಓದಿಯಷ್ಟೇ ಆಗಿರಲಿಲ್ಲ, ಮಕ್ಕಳ ಮೂಗು ಒರೆಸಿದ ಅನುಭವದಿಂದ. ಅದಕ್ಕೆ ಸಂಬಂಧಿಸಿದ ಮಸೂದೆ ಸಂಸತ್ತಿನ ಒಪ್ಪಿಗೆ ಪಡೆದರೂ ಅಧ್ಯಕ್ಷ ನಿಕ್ಸನ್ 1971ರಲ್ಲಿ ಅದನ್ನು ತಡೆಹಿಡಿದರು. ದೇಶದ ಉನ್ನತ ನಾಗರಿಕ ಪದಕ ಚಿಸಮ್ ಅವರಿಗೆ ಸಂದಿದ್ದು 2015ರಲ್ಲಿ, ನಿಧನರಾಗಿ ಹತ್ತು ವರ್ಷಗಳ ನಂತರ.

ಮನಃಶಾಸ್ತ್ರದ ಕಡೆಯಿಂದ ಕಾರ್ಲ್ ರೋಜರ್ಸ್ ಅವರ ಹೆಸರು ಎದ್ದು ಕಾಣುತ್ತದೆ. ಧರ್ಮೋಪದೇಶಕನಾಗಲು ಹೊರಟು, ಮನಸ್ಸು ಬದಲಿಸಿ ಟೀಚರ್ಸ್ ಕಾಲೇಜು ಸೇರಿದ ಅವರು 1931ರಲ್ಲಿ ಡಾಕ್ಟರೇಟ್ ಪಡೆದರು. ರಾಚೆಸ್ಟರ್ ನಗರದಲ್ಲಿ ನೊಂದ ಮಕ್ಕಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದರು. ಎದುರಿಗೆ ಕುಳಿತವನಿಗೆ ಬುದ್ಧಿ ಹೇಳುವುದಕ್ಕಿಂತ ಅವನ ಮಾತನ್ನು ತೀರ್ಪು ಕೊಡದೆ ಆಲಿಸುವುದೇ ಚಿಕಿತ್ಸೆಯ ಮೂಲ ಎಂದು ಪ್ರತಿಪಾದಿಸಿದರು. ಇಂದು ಕರ್ನಾಟಕದ ಯಾವುದೇ ಕಾಲೇಜಿನ ಆಪ್ತಸಮಾಲೋಚನೆ ತರಬೇತಿಯಲ್ಲಿ ಮೊದಲ ಪಾಠವಾಗಿ ಬರುವ ‘ಆಲಿಸುವಿಕೆ’ಯ ಹಿಂದೆ ಅವರ ನೆರಳಿದೆ.

ಕೊಟ್ಟ ಗೌರವ ಹಿಂದೆ ಪಡೆದಾಗ

ಗೌರವ ಒಮ್ಮೆ ಕೊಟ್ಟರೆ ಶಾಶ್ವತವೇ? ಥಾರ್ನ್‌ಡೈಕ್ ಅವರ ಹೆಸರನ್ನು ಟೀಚರ್ಸ್ ಕಾಲೇಜಿನ ಒಂದು ಕಟ್ಟಡಕ್ಕೆ ಇಡಲಾಗಿತ್ತು. ಅವರು ಜನಾಂಗ, ಲಿಂಗ ಮತ್ತು ಯೆಹೂದ್ಯರ ಕುರಿತು ಹೊಂದಿದ್ದ ತಾರತಮ್ಯದ ನಿಲುವುಗಳನ್ನೂ, ‘ಉತ್ತಮ ತಳಿ’ಯ ಮನುಷ್ಯರನ್ನು ಹೆಚ್ಚಿಸಬೇಕೆನ್ನುವ ಸುಜನನವಾದವನ್ನು ಬೆಂಬಲಿಸಿದ್ದನ್ನೂ ಪರಿಗಣಿಸಿ, ಕಾಲೇಜಿನ ಆಡಳಿತ ಮಂಡಳಿ 2020ರ ಜುಲೈಯಲ್ಲಿ ಆ ಹೆಸರನ್ನು ತೆಗೆದುಹಾಕಲು ನಿರ್ಧರಿಸಿತು. ಕಲಿಕೆಯ ಕುರಿತು ಅವರು ನಡೆಸಿದ ಸಂಶೋಧನೆ ಪಠ್ಯದಲ್ಲಿ ಉಳಿದಿದೆ. ಗೋಡೆಯ ಮೇಲಿನ ಹೆಸರು ಹೋಗಿದೆ.

ಲೀಟಾ ಹಾಲಿಂಗ್‌ವರ್ತ್ ಕೂಡ ಈ ದೋಷದಿಂದ ಪೂರ್ತಿ ಮುಕ್ತರಲ್ಲ. ಪ್ರತಿಭಾವಂತ ಮಕ್ಕಳ ಕುರಿತ ಅವರ ಬರಹಗಳಲ್ಲಿಯೂ ಸುಜನನವಾದದ ಛಾಯೆಯಿದೆ. ಹೆಣ್ಣಿನ ಬಗೆಗಿನ ಪೂರ್ವಗ್ರಹವನ್ನು ಒಡೆದವರು ಮತ್ತೊಂದು ಪೂರ್ವಗ್ರಹವನ್ನು ಒಪ್ಪಿಕೊಂಡರು. ಸಾಧಕರನ್ನು ದೇವರ ಪಟದಂತೆ ತೂಗುಹಾಕುವ ಬದಲು, ಮಾಡಿದ ಒಳಿತು ಯಾವುದು, ತಪ್ಪು ಯಾವುದು ಎಂದು ಬಿಡಿಸಿ ಹೇಳುವುದು ವಿದ್ಯಾಸಂಸ್ಥೆಗೆ ಹೆಚ್ಚು ಶೋಭೆ ತರುತ್ತದೆ. ಮನುಷ್ಯರ ಮನಸ್ಸನ್ನೇ ಅಧ್ಯಯನ ಮಾಡುವ ಶಾಲೆಗಂತೂ ಇದು ಕರ್ತವ್ಯ.

ನಮ್ಮ ಅಂಗಳದಲ್ಲಿ

ಇಂಥ ಪರಂಪರೆ ನಮಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗ 1924ರಲ್ಲೇ ಆರಂಭವಾಯಿತು. ದೇಶದಲ್ಲಿ ಕಲ್ಕತ್ತೆಯ ನಂತರ ಎರಡನೆಯದು. ಅದನ್ನು ಕಟ್ಟಿದ ಡಾ. ಎಂ.ವಿ. ಗೋಪಾಲಸ್ವಾಮಿ ಅವರನ್ನು ನಾಡು ಹೆಚ್ಚಾಗಿ ನೆನೆಯುವುದು 1935ರಲ್ಲಿ ತಮ್ಮ ಮನೆಯಿಂದ ಆರಂಭಿಸಿದ ಬಾನುಲಿ ಕೇಂದ್ರ ‘ಆಕಾಶವಾಣಿ’ಗಾಗಿ. ಅವರು ರೂಪಿಸಿದ ಮನಃಶಾಸ್ತ್ರಜ್ಞರು ಯಾರು, ಅವರು ಎಲ್ಲಿ ಏನು ಮಾಡಿದರು ಎಂದು ಕೇಳಿದರೆ ಥಟ್ಟನೆ ಉತ್ತರಿಸುವವರು ವಿರಳ. 1963ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯದಿಂದ ಹೊರಬಂದ ಶಿಕ್ಷಕರು ದಕ್ಷಿಣ ಭಾರತದ ಶಾಲೆಗಳಲ್ಲಿ ಹರಡಿಕೊಂಡಿದ್ದಾರೆ. ಅವರ ಕಥೆಯೂ ಬಹುಮಟ್ಟಿಗೆ ಅವರವರ ವಿದ್ಯಾರ್ಥಿಗಳ ನೆನಪಿನಲ್ಲಷ್ಟೇ ಇದೆ.

ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಿಂದ ಜಾರಿಯಲ್ಲಿದೆ. 2018ರಿಂದ ಶಿಕ್ಷಕರೇ ಅಂತರ್ಜಾಲದ ಮೂಲಕ ತಮ್ಮ ಹೆಸರನ್ನು ಸಲ್ಲಿಸುವ ವ್ಯವಸ್ಥೆ ಬಂದಿತು. ಹೆಸರು ಸಲ್ಲಿಸಲು ಅಧಿಕಾರಿಗಳನ್ನು ಕಾಯಬೇಕಾದ ಹಂಗು ಇದರಿಂದ ತಪ್ಪಿತಾದರೂ, ತನ್ನ ಸಾಧನೆಯನ್ನು ತಾನೇ ಹೇಳಿಕೊಳ್ಳಲು ಸಂಕೋಚಪಡುವ ಶಿಕ್ಷಕ ಹೊರಗುಳಿಯುವ ಸಾಧ್ಯತೆಯೂ ಉಂಟಾಯಿತು. ಈ ಕೊರತೆಯನ್ನು ತುಂಬಬಲ್ಲುದು ಆತ ಓದಿದ ಸಂಸ್ಥೆಯೇ.

ಅದಕ್ಕೆ ದೊಡ್ಡ ಮೊತ್ತವೇನೂ ಬೇಕಿಲ್ಲ. ಯಾವ ವರ್ಷದ ವಿದ್ಯಾರ್ಥಿ ಈಗ ಯಾವ ಊರಿನ ಶಾಲೆಯಲ್ಲಿದ್ದಾರೆ ಎಂಬ ವಹಿಯೊಂದನ್ನು ಕ್ರಮವಾಗಿ ಇಡಬೇಕು. ಆಯ್ಕೆ ಸಮಿತಿ ಅರ್ಜಿಗಳನ್ನು ತಿರುವಿಹಾಕುವುದಷ್ಟೇ ಅಲ್ಲದೆ, ಆ ಶಿಕ್ಷಕರ ಬಳಿ ಕಲಿತವರನ್ನೂ ಅವರ ಪೋಷಕರನ್ನೂ ಮಾತನಾಡಿಸಬೇಕು. ದೇಣಿಗೆ ಕೊಡಬಲ್ಲವರು, ಅಧಿಕಾರದಲ್ಲಿರುವವರು ಎಂಬ ಕಾರಣಕ್ಕೆ ವೇದಿಕೆಗೆ ಕರೆಯುವ ಪದ್ಧತಿ ಈ ಶಾಲೆಗಳಿಗಾದರೂ ಬೇಡ. ಶಿಕ್ಷಕರ ಸಂಬಳದಲ್ಲಿ ಸಭಾಂಗಣ ಕಟ್ಟಿಸಿಕೊಡಲಾಗದು. ಅದೇ ಅವರ ಅನರ್ಹತೆಯಾಗಬಾರದು.

ಮೈಸೂರಿನಲ್ಲಿ ಅಂದು ಗಾಡಿ ಎಳೆದ ವಿದ್ಯಾರ್ಥಿಗಳು ಗುರುವಿನ ಬಯೋಡೇಟಾ ಓದಿರಲಿಲ್ಲ. ಪಾಠ ಕೇಳಿದ್ದರು, ಅಷ್ಟೇ. ಶಿಕ್ಷಕರನ್ನೂ ಮನಃಶಾಸ್ತ್ರಜ್ಞರನ್ನೂ ರೂಪಿಸುವ ಸಂಸ್ಥೆಗಳು ತಮ್ಮ ಸಾಧಕರನ್ನು ಹುಡುಕುವಾಗ ಮೊದಲು ಕೇಳಬೇಕಾದುದು ಅಂಥವರ ಸಾಕ್ಷ್ಯವನ್ನೇ.