ಗಂಡನ ಕೈಯಲ್ಲಿನ ವೀಸಾ

ಐಶ್ವರ್ಯಾ ರೈ ನಟಿಸಿದ ‘ಪ್ರೊವೋಕ್ಡ್’ ಚಿತ್ರ ನೋಡಿದವರಿಗೆ ಕಿರಣ್‌ಜಿತ್ ಅಹ್ಲುವಾಲಿಯಾ ಅವರ ಹೆಸರು ನೆನಪಿರಬಹುದು. ಪಂಜಾಬಿನ ಹೆಣ್ಣುಮಗಳು, ಮದುವೆಯಾಗಿ ಇಂಗ್ಲೆಂಡ್ ಸೇರಿದವರು. ಹತ್ತು ವರ್ಷ ಗಂಡನಿಂದ ಹೊಡೆಸಿಕೊಂಡರು. ಎರಡು ಬಾರಿ ನ್ಯಾಯಾಲಯದಿಂದ ಆತನ ಮೇಲೆ ತಡೆಯಾಜ್ಞೆ ತಂದರೂ ಹೊಡೆತ ನಿಲ್ಲಲಿಲ್ಲ. 1989ರ ಮೇ ತಿಂಗಳ ಒಂದು ಸಂಜೆ ಆತ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದು ಮುಖ ಸುಡಲು ಬಂದ. ಅಂದು ರಾತ್ರಿ ಆತ ಮಲಗಿದ ಮೇಲೆ ಕಿರಣ್‌ಜಿತ್ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರು. ಕೆಲವು ದಿನಗಳ ಬಳಿಕ ಆತ ತೀರಿಕೊಂಡ. ಡಿಸೆಂಬರಿನಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು.

ಕೆರಳಿ ಕೊಂದವರಿಗೆ ಅಲ್ಲಿನ ಕಾನೂನು ತುಸು ರಿಯಾಯಿತಿ ತೋರುತ್ತಿತ್ತು. ಆದರೆ ಕೆರಳಿದ್ದು ಆ ಗಳಿಗೆಯಲ್ಲೇ ಆಗಿರಬೇಕಿತ್ತು. ತೋಳ್ಬಲ ಇದ್ದವನು ಆ ಗಳಿಗೆಯಲ್ಲೇ ತಿರುಗಿ ಬೀಳುತ್ತಾನೆ, ಇಲ್ಲದವಳು ಅವನು ಮಲಗುವವರೆಗೆ ಕಾಯುತ್ತಾಳೆ. ಆ ಕಾಯುವಿಕೆಯೇ ಸರ್ಕಾರಿ ವಕೀಲರಿಗೆ ಸಂಚಾಗಿ ಕಂಡಿತು. ಕೊಂದದ್ದನ್ನು ನಾನು ಸರಿ ಎನ್ನುತ್ತಿಲ್ಲ. ಹತ್ತು ವರ್ಷ ಆ ಹೆಣ್ಣಿಗೆ ಎದ್ದು ಹೋಗಲು ಒಂದು ಜಾಗ ಇರಲಿಲ್ಲವಲ್ಲ, ಅದು ನನ್ನನ್ನು ಕಾಡುತ್ತದೆ.

ಸೆರೆಮನೆಯಲ್ಲಿದ್ದ ಅವರ ಬೆನ್ನಿಗೆ ನಿಂತದ್ದು ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್. ಪಂಜಾಬಿಗಳು ಹೆಚ್ಚಾಗಿರುವ ಲಂಡನ್ನಿನ ಸೌತಾಲ್‌ನಲ್ಲಿ, ಏಷ್ಯಾ ಹಾಗೂ ಆಫ್ರಿಕಾ-ಕೆರಿಬಿಯನ್ ಮೂಲದ ಹೆಂಗಸರು 1979ರಲ್ಲಿ ಕಟ್ಟಿದ ಸಂಘಟನೆ ಅದು. 1992ರ ಮೇಲ್ಮನವಿಯಲ್ಲಿ ಕೊಲೆಯ ತೀರ್ಪು ರದ್ದಾಯಿತು, ಸೆಪ್ಟೆಂಬರಿನಲ್ಲಿ ಕಿರಣ್‌ಜಿತ್ ಹೊರಬಂದರು. ಈ ಸಂಘಟನೆಯ ಹೆಂಗಸರಿಗೆ ಎದುರಾಳಿಗಳು ಎರಡೂ ಕಡೆ ಇದ್ದರು. ಹೊರಗೆ ಜನಾಂಗ ದ್ವೇಷ, ಒಳಗೆ ಮನೆಯ ಮಾತನ್ನು ಬೀದಿಗೆ ತರಬೇಡಿ ಎನ್ನುವ ಹಿರಿಯರು. ನಮ್ಮಲ್ಲೂ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಇದೆ. ಅದು ಎಷ್ಟು ಹೆಣ್ಣುಮಕ್ಕಳನ್ನು ಮತ್ತೆ ಅದೇ ಹೊಸ್ತಿಲೊಳಕ್ಕೆ ಕಳಿಸಿದೆಯೋ!

ಸಂಘಟನೆ ಹೂಡಿದ ಇನ್ನೊಂದು ಹೋರಾಟ ಸಿನಿಮಾದಷ್ಟು ಹೆಸರು ಮಾಡಲಿಲ್ಲ. ಗಂಡನ ಆಸರೆಯಲ್ಲಿ ಬ್ರಿಟನ್ನಿಗೆ ಬಂದ ಹೆಂಡತಿಯ ವೀಸಾಕ್ಕೆ ಒಂದು ಷರತ್ತು ಅಂಟಿಕೊಂಡಿರುತ್ತದೆ: ಸರ್ಕಾರಿ ಭತ್ಯೆ ಪಡೆಯುವಂತಿಲ್ಲ. ನೋಡಲು ಲೆಕ್ಕಪತ್ರದ ಮಾತು. ಏಟು ತಿಂದವಳು ನಡುರಾತ್ರಿ ಮಹಿಳೆಯರ ಆಶ್ರಯಧಾಮಕ್ಕೆ ಫೋನ್ ಮಾಡಿದಾಗ ಅದರ ನಿಜವಾದ ಅರ್ಥ ಗೊತ್ತಾಗುತ್ತದೆ. ಅಲ್ಲಿ ಉಳಿಯುವವರಿಗೆ ಸರ್ಕಾರ ಕೊಡುವ ವಸತಿ ಭತ್ಯೆಯಿಂದಲೇ ಆಶ್ರಯಧಾಮದ ಖರ್ಚಿನ ದೊಡ್ಡ ಪಾಲು ಹುಟ್ಟಬೇಕು. ಈಕೆಗೆ ಭತ್ಯೆ ಇಲ್ಲ, ಆದ್ದರಿಂದ ಎಷ್ಟೋ ಕಡೆ ಹಾಸಿಗೆಯೂ ಇಲ್ಲ. ಪೊಲೀಸರ ಬಳಿ ಹೋದರೆ ಆ ಸುದ್ದಿ ವಲಸೆ ಇಲಾಖೆಗೆ ಮುಟ್ಟುವ ಭಯ ಬೇರೆ. ಪೊಲೀಸರು ಹೀಗೆ ಮಾಹಿತಿ ದಾಟಿಸುವುದರ ವಿರುದ್ಧವೇ 2018ರಲ್ಲಿ ಈ ಸಂಘಟನೆ ಮತ್ತು ನಾಗರಿಕ ಹಕ್ಕುಗಳಿಗಾಗಿ ದುಡಿಯುವ ಲಿಬರ್ಟಿ ಸಂಸ್ಥೆ ಸೇರಿ ದೂರು ಕೊಟ್ಟವು. ‘ನನ್ನ ಬಿಟ್ಟು ಹೋಗು, ನಿನ್ನನ್ನ ದೇಶದಿಂದಲೇ ಓಡಿಸ್ತಾರೆ’ ಎಂದು ಗಂಡ ಹೆದರಿಸಿದರೆ ಅದು ಪೂರಾ ಸುಳ್ಳಲ್ಲ. ಹೊಡೆಯುವ ಕೈಗೆ ಕೋಲು ಕೊಟ್ಟದ್ದು ಕಾನೂನೇ.

ವರ್ಷಗಟ್ಟಲೆ ಬಡಿದಾಡಿದ ಮೇಲೆ, ಹಿಂಸೆಯನ್ನು ರುಜುವಾತು ಮಾಡಿದ ಹೆಂಡತಿ ಅಲ್ಲೇ ಕಾಯಂ ಆಗಿ ನೆಲೆಸಲು 2002ರಲ್ಲಿ ದಾರಿಯಾಯಿತು. 2012ರಲ್ಲಿ ಮೂರು ತಿಂಗಳ ಮಟ್ಟಿಗೆ ಭತ್ಯೆಯೂ ಬಂತು. ಇವೆಲ್ಲ ಮುಖ್ಯವಾಗಿ ಬ್ರಿಟಿಷ್ ಪ್ರಜೆಗಳ ಅಥವಾ ಅಲ್ಲಿ ಕಾಯಂ ನೆಲೆಸಿದವರ ಹೆಂಡತಿಯರಿಗೆ. ಉದ್ಯೋಗದ ವೀಸಾ, ವಿದ್ಯಾರ್ಥಿ ವೀಸಾ ಪಡೆದವರ ಹೆಂಡತಿಯರಿಗೆ ಆ ಮೂರು ತಿಂಗಳು ಸಿಕ್ಕಿದ್ದು 2024ರಲ್ಲಿ, ಅದೂ ಮುಂದೆ ನೆಲೆಸುವ ದಾರಿ ಇಲ್ಲದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಸಾಫ್ಟ್‌ವೇರ್ ಹುಡುಗನ ಕೈಹಿಡಿದು ಹೋಗುವ ನಮ್ಮ ಹೆಣ್ಣುಮಕ್ಕಳು ಬೀಳುವುದು ಸರಿಯಾಗಿ ಈ ಸಂದಿಗೆ. ಹೆಂಗಸರ ಮೇಲಿನ ಹಿಂಸೆ ತಡೆಯಲು ಯುರೋಪಿನ ದೇಶಗಳು 2011ರಲ್ಲಿ ಮಾಡಿಕೊಂಡ ಇಸ್ತಾಂಬುಲ್ ಒಪ್ಪಂದದ 59ನೇ ವಿಧಿ ಇಂಥವರ ವಾಸದ ಹಕ್ಕಿನ ಕುರಿತದ್ದು. 2022ರಲ್ಲಿ ಒಪ್ಪಂದವನ್ನು ಅನುಮೋದಿಸುವಾಗ ಬ್ರಿಟನ್ ಆ ವಿಧಿಗೆ ತನ್ನನ್ನು ಕಟ್ಟಿಹಾಕಿಕೊಳ್ಳಲಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಹೊಡೆಯದೆಯೂ ಮುಗಿಸಿಬಿಡುವ ಬಗೆ ಇನ್ನೊಂದಿದೆ. ರಜೆಗೆಂದು ತವರಿಗೆ ಕರೆತರುವುದು, ಪಾಸ್‌ಪೋರ್ಟ್ ಕಿತ್ತುಕೊಂಡು ಒಬ್ಬನೇ ವಿಮಾನ ಹತ್ತುವುದು. ಆಕೆಯ ವೀಸಾ ಅವಧಿ ಮುಗಿಯುವವರೆಗೆ ಫೋನ್ ಎತ್ತದಿದ್ದರೆ ಆಯಿತು. ಕಿರುಕುಳ ಎಲ್ಲೇ ನಡೆದಿರಲಿ, ಗಂಡನ ಮನೆ ಬಿಟ್ಟು ಬಂದು ಆಸರೆ ಪಡೆದ ಊರಿನಲ್ಲೇ ಆಕೆ ದೂರು ಕೊಡಬಹುದೆಂದು ನಮ್ಮ ಸುಪ್ರೀಂ ಕೋರ್ಟ್ 2019ರ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ನಿಮ್ಮೂರ ಠಾಣೆಯಲ್ಲಿ ‘ಅಲ್ಲೇ ಹೋಗಿ ಕಂಪ್ಲೇಂಟ್ ಕೊಡಮ್ಮ’ ಎಂದರೆ ಈ ತೀರ್ಪಿನ ಹೆಸರು ಹೇಳಿ.

ಹಿಂದೆಲ್ಲ ಇಂಥ ಗಂಡ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಈಗ ಬ್ರಿಟನ್ನಿನ ವೀಸಾ ಆನ್‌ಲೈನ್ ಖಾತೆಯಲ್ಲಿದೆ. ಆ ಖಾತೆಗೆ ಅವನ ಇಮೇಲ್, ಅವನ ಫೋನ್ ನಂಬರ್ ಕೊಟ್ಟಿದ್ದರೆ ಅದು ಇನ್ನೂ ಭದ್ರವಾದ ಬೀರು. ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿ ಮಗಳನ್ನು ವಿಮಾನ ಹತ್ತಿಸುವ ಅಮ್ಮಂದಿರೇ, ಅಪ್ಪಂದಿರೇ, ಖಾತೆ ಯಾರ ನಂಬರಿನಲ್ಲಿದೆ ಎಂದು ಅವಳನ್ನೊಮ್ಮೆ ಕೇಳಿ. ಅಲ್ಲಿನ ಕೌಟುಂಬಿಕ ದೌರ್ಜನ್ಯ ಸಹಾಯವಾಣಿ 0808 2000 247. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ. ಅದನ್ನು ಚೀಟಿಯಲ್ಲಿ ಬರೆದುಕೊಡಬೇಡಿ, ಬಾಯಿಪಾಠ ಮಾಡಿಸಿ. ಅವಳ ಚೀಲವನ್ನು ಅವನು ಹುಡುಕಿ ನೋಡಬಹುದು.