ಅಜ್ಜನ ತಾಟು ಮತ್ತು ಎರಡು ಗಡಿಯಾರ

ಕೊರೋನಾ ಬಗ್ಗೆ ಈಗ ಯಾರು ಓದ್ತಾರೆ ಅಂತ ನಿಮಗನ್ನಿಸಬಹುದು. ಆದರೆ ನಮ್ಮ ಮನೆಯಲ್ಲಿ ಒಂದು ತಾಟಿನ ವಿಷಯ ಇನ್ನೂ ಮುಗಿದಿಲ್ಲ, ಅದಕ್ಕೇ ಈ ಲೇಖನ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಭಾಷೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮೂರು ನಿಪ್ಪಾಣಿ ತಾಲ್ಲೂಕಿನ ಭೋಜ. ಮಹಾರಾಷ್ಟ್ರದ ಗಡಿ ಹತ್ತಿರವೇ. 2021ರ ಏಪ್ರಿಲ್ ಕೊನೆಗೆ ಕೊಲ್ಹಾಪುರದಿಂದ ಕಾಕಾ ಬಂದರು. ಕೊಗನೊಳ್ಳಿ ಚೆಕ್‌ಪೋಸ್ಟ್‌ನಲ್ಲಿ ತೋರಿಸೋಕೆ ನೆಗೆಟಿವ್ ರಿಪೋರ್ಟ್ ಇತ್ತು. ಎರಡು ದಿನಕ್ಕೆ ಸ್ವಲ್ಪ ಗಂಟಲು ಕೆರೆತ ಬಂತು, ಮತ್ತೆರಡು ದಿನಕ್ಕೆ ಆರಾಮಾದರು. ಅಜ್ಜ, ಕಾಕಾ ದಿನಾ ಪಕ್ಕಪಕ್ಕ ಕೂತು ಊಟ ಮಾಡುತ್ತಿದ್ದರು. ವಾರದೊಳಗೆ ಅಜ್ಜನಿಗೆ ಜ್ವರ. ವಯಸ್ಸು 71, ಸಕ್ಕರೆ ಕಾಯಿಲೆ ಬೇರೆ. ಜ್ವರದ ಎಂಟನೇ ದಿನ ಆಕ್ಸಿಜನ್ 86ಕ್ಕೆ ಇಳಿದಾಗ ಆಸ್ಪತ್ರೆಗೆ ಸೇರಿಸಿದೆವು.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಅಜ್ಜ ಮನೆಗೆ ಬಂದರು. ಮರುದಿನ ಅಪ್ಪ ಸಮಾಧಾನಕ್ಕೆ ಅಂತ ಮತ್ತೊಂದು ಟೆಸ್ಟ್ ಮಾಡಿಸಿದರು. ಪಾಸಿಟಿವ್! ಅಷ್ಟೇ, ಅಜ್ಜನನ್ನು ದನದ ಕೊಟ್ಟಿಗೆ ಪಕ್ಕದ ಖೋಲಿಯಲ್ಲಿ ಇಟ್ಟೆವು. ತಾಟು ಬೇರೆ, ಲೋಟ ಬೇರೆ. ಆಯಿ ಹೊಸ್ತಿಲ ಮೇಲೆ ರೊಟ್ಟಿ ಇಟ್ಟು ಬರುತ್ತಿದ್ದಳು. ಹೀಗೇ 21 ದಿನ. ನಾನು ಒಂದು ದಿನವೂ ಒಳಗೆ ಹೋಗಲಿಲ್ಲ.

ಹೋದ ಸೆಮಿಸ್ಟರ್‌ನಲ್ಲಿ ಬಯಾಲಜಿ ಫಾರ್ ಎಂಜಿನಿಯರ್ಸ್ ಓದುವಾಗ ನನಗೆ ಒಂದು ವಿಷಯ ಹೊಳೆಯಿತು. ಈ ರೋಗದಲ್ಲಿ ಎರಡು ಗಡಿಯಾರ ಇರುತ್ತವೆ. ನಾವು ಒಂದನ್ನೇ ನೋಡಿದ್ದೆವು.

ಮೊದಲನೆಯದು ಹರಡುವ ಗಡಿಯಾರ. ಲಕ್ಷಣ ಕಾಣೋದಕ್ಕೆ ಒಂದೆರಡು ದಿನ ಮೊದಲೇ ವೈರಸ್ ಹರಡೋಕೆ ಶುರುವಾಗುತ್ತದೆ. ಲಕ್ಷಣ ಶುರುವಾಗುವ ಹೊತ್ತಿಗೆ ಅದು ಗಂಟಲಲ್ಲಿ ಅತಿ ಹೆಚ್ಚು ಇರುತ್ತದೆ, ಆಮೇಲೆ ಇಳಿಯುತ್ತದೆ. 2020ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಪತ್ರೆಗೆ ಸೇರಿದ್ದ 9 ರೋಗಿಗಳನ್ನು ದಿನಾ ಪರೀಕ್ಷೆ ಮಾಡಿದರು. ಅವರದು ಸೌಮ್ಯ ರೋಗ. ಎಂಟನೇ ದಿನದ ನಂತರದ ಸ್ಯಾಂಪಲ್‌ಗಳಿಂದ ಜೀವಂತ ವೈರಸ್ ಬೆಳೆಸೋಕೆ ಆಗಲಿಲ್ಲ. ಆದರೆ ಪಿಸಿಆರ್ ಟೆಸ್ಟ್ ಮಾತ್ರ ಪಾಸಿಟಿವ್ ಬರುತ್ತಲೇ ಇತ್ತು.

ಅದು ಹೇಗೆ? ಪಿಸಿಆರ್ ಹುಡುಕೋದು ವೈರಸ್‌ನ ಆರ್‌ಎನ್‌ಎ ತುಣುಕನ್ನು. ಮೆಷಿನ್ ಆ ತುಣುಕನ್ನು ಪ್ರತಿ ಸೈಕಲ್‌ಗೆ ಎರಡು ಪಟ್ಟು ಮಾಡುತ್ತದೆ. ಎಷ್ಟನೇ ಸೈಕಲ್‌ಗೆ ಅದು ಕಾಣಿಸುತ್ತದೋ ಅದೇ ಸಿಟಿ ವ್ಯಾಲ್ಯೂ. 20ಕ್ಕೂ 30ಕ್ಕೂ ನಡುವೆ ಹತ್ತೇ ಸೈಕಲ್, ಆದರೆ ಲೆಕ್ಕ ಹಾಕಿ: ಎರಡರ ಹತ್ತನೇ ಘಾತ, ಅಂದ್ರೆ ಸುಮಾರು 1000 ಪಟ್ಟು ವ್ಯತ್ಯಾಸ. ರಿಪೋರ್ಟ್‌ನಲ್ಲಿ ಎರಡಕ್ಕೂ 'ಪಾಸಿಟಿವ್' ಅಂತಲೇ ಬರುತ್ತದೆ. ಇದಲ್ಲದೆ ತುಣುಕು ಜೀವಂತ ವೈರಸ್‌ನದೋ ಸತ್ತದ್ದರದೋ ಮೆಷಿನ್‌ಗೆ ಗೊತ್ತಾಗಲ್ಲ. ನಮ್ಮ ಕಡೆ ತಂಬಾಕಿನ ಎಲೆ ಕಿತ್ತ ಮೇಲೂ ಹೊಲದಲ್ಲಿ ದಂಟು ನಿಂತಿರುತ್ತಲ್ಲ, ಹಾಗೆ.

ಎರಡನೆಯದು ಅಪಾಯದ ಗಡಿಯಾರ. ಇದು ತಡವಾಗಿ ಓಡುತ್ತದೆ. ಎಷ್ಟೋ ಜನರಿಗೆ ಉಸಿರಾಟದ ತೊಂದರೆ ಬಂದದ್ದು ಎರಡನೇ ವಾರದ ಹತ್ತಿರ. ಆಗ ಶ್ವಾಸಕೋಶಕ್ಕೆ ಪೆಟ್ಟು ಕೊಡೋದು ವೈರಸ್ ಒಂದೇ ಅಲ್ಲ, ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಅತಿಯಾಗಿ ಕೆರಳಿರುತ್ತದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದಿಂದ ಇದಕ್ಕೆ ಪುರಾವೆ ಸಿಕ್ಕಿತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು, ಆಕ್ಸಿಜನ್ ಮೇಲಿದ್ದವರ ಸಾವನ್ನು ಐದನೇ ಒಂದರಷ್ಟು ಕಡಿಮೆ ಮಾಡಿತು. ಆಕ್ಸಿಜನ್ ಬೇಕಾಗದವರಿಗೆ ಏನೂ ಲಾಭ ಆಗಲಿಲ್ಲ. ಅಂದ್ರೆ ಔಷಧ ಒಂದೇ ಆದರೂ ಯಾವ ಹಂತದಲ್ಲಿ ಕೊಡ್ತೀವಿ ಅನ್ನೋದು ಮುಖ್ಯ.

ಯಾರಿಗೆ ಅಪಾಯ ಹೆಚ್ಚು? ಎಲ್ಲಕ್ಕಿಂತ ದೊಡ್ಡದು ವಯಸ್ಸು. ಆಮೇಲೆ ಸಕ್ಕರೆ ಕಾಯಿಲೆ, ಬೊಜ್ಜು, ಹೃದಯ, ಮೂತ್ರಪಿಂಡ, ಶ್ವಾಸಕೋಶದ ಹಳೆಯ ಕಾಯಿಲೆಗಳು. ಗಂಡಸರಿಗೆ ಹೆಂಗಸರಿಗಿಂತ ಹೆಚ್ಚು. ಇಲ್ಲೊಂದು ಮಾತು ಗಮನಿಸಿ: ಇವು ಕಾಯಿಲೆ ಜೋರಾಗುವ ಅಪಾಯದ ಕಾರಣಗಳು. ಇವರೇ ಹೆಚ್ಚು ಹರಡುತ್ತಾರೆ ಅಂತ ಅರ್ಥ ಅಲ್ಲ.

ಭಾರತದ ಮೊದಲ ಕೊರೋನಾ ಸಾವು ನಮ್ಮ ರಾಜ್ಯದ ಕಲಬುರಗಿಯವರದು. 76 ವರ್ಷದ ಹಿರಿಯರು, ರಕ್ತದೊತ್ತಡ ಮತ್ತು ಅಸ್ತಮಾ ಇತ್ತು. 2020ರ ಫೆಬ್ರವರಿ 29ರಂದು ಸೌದಿಯಿಂದ ಬಂದಾಗ ಯಾವ ಲಕ್ಷಣವೂ ಇರಲಿಲ್ಲ. ಮಾರ್ಚ್ 6ಕ್ಕೆ ಜ್ವರ, ಕೆಮ್ಮು. ಮನೆಯಲ್ಲೇ ವೈದ್ಯರು ನೋಡಿದರು. ಮಾರ್ಚ್ 10ಕ್ಕೆ ತೀರಿಕೊಂಡರು. ಅವರ ವಯಸ್ಸು, ಕಾಯಿಲೆ ಎರಡನೇ ಗಡಿಯಾರವನ್ನೂ ಬೇಗ ಓಡಿಸಿಬಿಟ್ಟವು. ಆಮೇಲೆ ಅವರ ಮಗಳಿಗೂ, ಚಿಕಿತ್ಸೆ ಕೊಟ್ಟ ಒಬ್ಬ ವೈದ್ಯರಿಗೂ ಸೋಂಕು ಇರುವುದು ಗೊತ್ತಾಯಿತು. ಕೊರೋನಾ ಎಂಬ ರಿಪೋರ್ಟ್ ಬರುವ ಹೊತ್ತಿಗೆ ಅವರು ತೀರಿಕೊಂಡು ಎರಡು ದಿನ ಆಗಿತ್ತು.

ಹರಡುವುದು ಎಲ್ಲರಿಂದ ಒಂದೇ ಸಮ ಆಗುವುದಿಲ್ಲ. ತಮಿಳುನಾಡು, ಆಂಧ್ರದಲ್ಲಿ 2020ರಲ್ಲಿ ಸುಮಾರು 85,000 ಸೋಂಕಿತರ ಸಂಪರ್ಕಗಳನ್ನು ಹುಡುಕಿದಾಗ ಸಿಕ್ಕ ಉತ್ತರ: 71% ಸೋಂಕಿತರಿಂದ, ಪತ್ತೆಯಾದ ಸಂಪರ್ಕದವರಲ್ಲಿ ಒಬ್ಬರಿಗೂ ಹರಡಿರಲಿಲ್ಲ. ಉಳಿದ ಕೆಲವರಿಂದಲೇ ಬಹಳ ಜನರಿಗೆ ಹರಡಿತ್ತು.

ಹಾಗಂತ ಆಸ್ಪತ್ರೆಯ ರೋಗಿಗಳಿಂದ ಹರಡೋದೇ ಇಲ್ಲ ಅಂತಲ್ಲ. ಕಾಯಿಲೆ ಗಂಭೀರವಾಗಿದ್ದವರಲ್ಲಿ ಜೀವಂತ ವೈರಸ್ ಹೆಚ್ಚು ದಿನ ಇರಬಹುದು, ಅದಕ್ಕೇ ಅವರಿಗೆ 20 ದಿನದವರೆಗೆ ಎಚ್ಚರಿಕೆ ಹೇಳುತ್ತಿದ್ದರು. ಕ್ಯಾನ್ಸರ್ ಚಿಕಿತ್ಸೆ, ಅಂಗಾಂಗ ಕಸಿಯಂಥ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದಕ್ಕಿಂತಲೂ ಹೆಚ್ಚು. ಸೌಮ್ಯ ರೋಗಿಗಳಿಗೆ ಮಾತ್ರ ಕೇಂದ್ರ ಆರೋಗ್ಯ ಇಲಾಖೆ 2020ರ ಮೇ 8ರಂದೇ ನಿಯಮ ಬದಲಿಸಿತ್ತು: ಲಕ್ಷಣ ಶುರುವಾಗಿ 10 ದಿನ ಕಳೆದು, ಮೂರು ದಿನ ಜ್ವರ ಇಲ್ಲದಿದ್ದರೆ ಟೆಸ್ಟ್ ಇಲ್ಲದೆ ಮನೆಗೆ ಕಳಿಸಬಹುದು.

ಈಗ ನಮ್ಮ ಮನೆ ಲೆಕ್ಕ. ಅಪ್ಪ ಟೆಸ್ಟ್ ಮಾಡಿಸಿದ್ದು ಅಜ್ಜನ ಜ್ವರದ 20ನೇ ದಿನ. ಹರಡುವ ಗಡಿಯಾರ ಆಗಲೇ ಹೆಚ್ಚುಕಡಿಮೆ ನಿಂತಿತ್ತು. ನಾವು ಖೋಲಿಯಲ್ಲಿ ಇಟ್ಟದ್ದು ಆಮೇಲಿನ 21 ದಿನ! ಬೇರೆ ತಾಟು ಬೇಕಾಗಿದ್ದು, ಬೇರೆ ಕೂರಬೇಕಾಗಿದ್ದು ಗಂಟಲು ಕೆರೆತ ಇದ್ದ ಆ ಎರಡು ದಿನ ಕಾಕಾಗೆ. ಕಾಕಾನಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ, ಅವರು ಮತ್ತೆ ಟೆಸ್ಟ್ ಮಾಡಿಸಲೇ ಇಲ್ಲ. ಆದರೆ ನಾವು ಹೆದರಿದ್ದು ಕಾಯಿಲೆ ಎದ್ದು ಕಾಣುತ್ತಿದ್ದವರಿಗೆ, ಹೆದರಬೇಕಾಗಿದ್ದು ಆರಾಮಾಗಿ ಓಡಾಡುತ್ತಿದ್ದ ಕೆಮ್ಮಿಗೆ.

ಇದು ಕೊರೋನಾಗೆ ಮಾತ್ರ ಅಲ್ಲ. ನಿಮಗೆ ನೆಗಡಿ, ಗಂಟಲು ನೋವು ಶುರುವಾದ ದಿನವೇ ಮನೆಯ ಹಿರಿಯರಿಂದ ದೂರ ಕೂರಿ, ಮಾಸ್ಕ್ ಹಾಕಿ, ಕಿಟಕಿ ತೆಗೆಯಿರಿ. ಆಸ್ಪತ್ರೆಯಿಂದ ಬಂದವರ ಬಗ್ಗೆ ಅನುಮಾನ ಇದ್ದರೆ, ಎಷ್ಟು ದಿನ ದೂರ ಇರಬೇಕು ಅಂತ ವೈದ್ಯರನ್ನೇ ಕೇಳಿ.

ಅಜ್ಜ ಈಗ ಗಟ್ಟಿಯಾಗಿದ್ದಾರೆ. ಆದರೆ ಸಣ್ಣ ಕೆಮ್ಮು ಬಂದರೂ ಯಾರಿಗೂ ಹೇಳದೆ ತಮ್ಮ ತಾಟು ತೊಗೊಂಡು ಆ ಖೋಲಿಗೆ ಹೋಗುತ್ತಾರೆ. ಹೋದ ರಜೆಯಲ್ಲಿ ಅವರಿಗೆ ಈ ಎರಡು ಗಡಿಯಾರದ ಕಥೆ ಹೇಳಿದೆ. ಎಲ್ಲ ಕೇಳಿ, "ಹಂಗಾರ ಆವಾಗ ಒಳಗ ಬರಬಹುದಿತ್ತೇನ?" ಅಂದರು.

"ಬರಬಹುದಿತ್ತು ಅಜ್ಜಾ" ಅಂದೆ.