ಇದು ಯಾರ ಮನೆಯ ನಾಯಿ?

ಮಕ್ಕಳೇ, ಹೊಸಂಗಡಿ ಪೇಟೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ಹೆದ್ದಾರಿ ಅಲ್ಲಿ ಹಾದುಹೋಗುತ್ತದೆ. ಅದರ ಪಡುವಣಕ್ಕೆ ರೈಲು ಹಳಿ. ಇನ್ನೂ ಆಚೆಗೆ ಸಮುದ್ರ. ಇಷ್ಟು ಓಡಾಟವಿರುವ ಕಡೆ ಒಂದು ದನವೋ ನಾಯಿಯೋ ದಾರಿ ತಪ್ಪಿ ಬಂದರೆ ಏನಾಗಬಹುದು, ಯೋಚಿಸಿ.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಬೆಳಿಗ್ಗೆ, ನಮ್ಮ ಶಾಲೆಯ ಜಗಲಿಯಲ್ಲಿ ಕಂದು ಬಣ್ಣದ ನಾಯಿಯೊಂದು ಮುದುಡಿ ಮಲಗಿತ್ತು. ಕೊರಳಲ್ಲಿ ಹಳೆಯ ಚರ್ಮದ ಪಟ್ಟಿ. ಮೂರನೆಯ ತರಗತಿಯ ಹುಡುಗನೊಬ್ಬ ಓಡಿಬಂದು, "ಮಾಷ್ಟ್ರೇ, ಇದಕ್ಕೆ ಯಾರೂ ಇಲ್ಲ. ನಾನು ಸಾಕುತ್ತೇನೆ" ಎಂದ. ಅಷ್ಟರಲ್ಲೇ ಅವನು ಅದಕ್ಕೆ ರಾಜು ಎಂದು ಹೆಸರನ್ನೂ ಇಟ್ಟಾಗಿತ್ತು!

ಯಾರೂ ಇಲ್ಲವೆಂದು ಅವನಿಗೆ ಹೇಗೆ ತಿಳಿಯಿತು? ಕೊರಳಪಟ್ಟಿಯನ್ನು ಯಾರೋ ಕಟ್ಟಿರಲೇಬೇಕಲ್ಲವೇ? ಹಿಂದಿನ ರಾತ್ರಿ ಜೋರಾಗಿ ಗುಡುಗಿತ್ತು. ಗುಡುಗಿಗೂ ಪಟಾಕಿಗೂ ಹೆದರಿ ನಾಯಿಗಳು ದಿಕ್ಕುತಪ್ಪಿ ಓಡುತ್ತವೆ. ದೀಪಾವಳಿ, ವಿಷು ಹಬ್ಬಗಳ ಮರುದಿನ ನಾಯಿ ಕಾಣೆಯಾಗಿದೆ ಎಂಬ ಮಾತು ಕೇಳಿಬರುವುದು ಇದರಿಂದಲೇ. ನಾಯಿ ದಾರಿ ಹುಡುಕಲು ತನ್ನ ಮೂಗನ್ನು ಬಹಳವಾಗಿ ನೆಚ್ಚುತ್ತದೆ. ಮಳೆನೀರು ಹರಿದ ದಾರಿಯಲ್ಲಿ ಪರಿಚಯದ ವಾಸನೆ ಸಿಗುವುದು ಕಷ್ಟ.

ಆದ್ದರಿಂದ ಪ್ರಾಣಿಯೊಂದು ಸಿಕ್ಕಿದಾಗ ಮೊದಲು ಗುರುತುಗಳನ್ನು ನೋಡಬೇಕು. ಅದೂ ದೂರದಿಂದ. ನಾಯಿಯ ಕಿವಿಯ ತುದಿಯಲ್ಲಿ ಸಣ್ಣದೊಂದು ಕತ್ತರಿಸಿದ ಗುರುತಿದ್ದರೆ, ಅದಕ್ಕೆ ಮರಿಗಳಾಗದಂತೆ ಶಸ್ತ್ರಚಿಕಿತ್ಸೆ ಮಾಡಲಾಗಿದೆ ಎಂದು ಅರ್ಥ. ದನದ ಕಿವಿಯಲ್ಲಿ ಹಳದಿ ಬಿಲ್ಲೆ ಇದೆಯೇ ನೋಡಿ. ಅದರಲ್ಲಿ ಹನ್ನೆರಡು ಅಂಕೆಗಳ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಬರೆದುಕೊಂಡು ಮೃಗಾಸ್ಪತ್ರೆಯಲ್ಲಿ ಕೊಟ್ಟರೆ ದನದ ಯಜಮಾನರನ್ನು ಪತ್ತೆಹಚ್ಚಬಹುದು.

ದೂರದಿಂದ ಎಂದೆನಲ್ಲ, ಅದಕ್ಕೆ ಕಾರಣವಿದೆ. ಕೊರಳಪಟ್ಟಿ ಇದ್ದ ಮಾತ್ರಕ್ಕೆ ನಾಯಿಗೆ ಚುಚ್ಚುಮದ್ದು ಆಗಿದೆ ಎನ್ನುವಂತಿಲ್ಲ. ರೇಬೀಸ್ ಎಂಬ ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಕಾಣಿಸಿಕೊಂಡರೆ ಮತ್ತೆ ಬದುಕಿಸುವುದು ಅಸಾಧ್ಯವೆಂದೇ ಹೇಳಬೇಕು. ಆದರೆ ಕಚ್ಚಿದ ಕೂಡಲೇ ಮದ್ದು ಮಾಡಿದರೆ ರೋಗ ಬಾರದಂತೆ ತಡೆಯಬಹುದು. 1885ರ ಜುಲೈ 6ರಂದು ಪ್ಯಾರಿಸ್ ನಗರದಲ್ಲಿ ಲೂಯಿ ಪಾಶ್ಚರ್ ಎಂಬ ವಿಜ್ಞಾನಿಯ ಬಳಿಗೆ ಜೋಸೆಫ್ ಮೈಸ್ಟರ್ ಎಂಬ ಬಾಲಕನನ್ನು ಕರೆತಂದರು. ಅವನಿಗೆ ನಿಮ್ಮದೇ ಪ್ರಾಯ, ಒಂಬತ್ತು ವರ್ಷ. ಹುಚ್ಚುನಾಯಿ ಅವನನ್ನು ಹಲವು ಕಡೆ ಕಚ್ಚಿತ್ತು. ಪಾಶ್ಚರ್ ಸಿದ್ಧಪಡಿಸಿದ ಲಸಿಕೆಯನ್ನು ದಿನದಿನವೂ ಚುಚ್ಚಲಾಯಿತು. ಹುಡುಗ ಬದುಕಿದ. ದೊಡ್ಡವನಾದ ಮೇಲೆ ಪಾಶ್ಚರ್ ಸಂಸ್ಥೆಯಲ್ಲೇ ಕಾವಲಿನ ಕೆಲಸಕ್ಕೆ ಸೇರಿದ.

ನಾಯಿಯೋ ಬೆಕ್ಕೋ ಕಚ್ಚಿದರೆ, ಪರಚಿದರೆ, ಬೈಗುಳಕ್ಕೆ ಹೆದರಿ ಮನೆಯಲ್ಲಿ ಮುಚ್ಚಿಡಬೇಡಿ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅರಸಿನ, ಸುಣ್ಣ ಏನನ್ನೂ ಹಚ್ಚಬಾರದು. ವೈದ್ಯರು ಹೇಳಿದ ದಿನಗಳಂದು ತಪ್ಪದೆ ಎಲ್ಲ ಚುಚ್ಚುಮದ್ದುಗಳನ್ನೂ ತೆಗೆದುಕೊಳ್ಳಬೇಕು.

ಆ ಕಂದು ನಾಯಿಗೆ ನಾವು ಒಂದು ತಟ್ಟೆಯಲ್ಲಿ ನೀರಿಟ್ಟು ದೂರ ಸರಿದೆವು. ನಾಯಿ ಸಾಕಿ ಅನುಭವವಿದ್ದ ನೆರೆಮನೆಯವರು ಬಂದು ಅದನ್ನು ತಮ್ಮ ಕೊಟ್ಟಿಗೆಗೆ ಕರೆದೊಯ್ದರು. ಮಕ್ಕಳು ಕಾಗದದಲ್ಲಿ "ನಾಯಿ ಸಿಕ್ಕಿದೆ" ಎಂದು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದರು. ಒಂದನ್ನು ಹಾಲಿನ ಸೊಸೈಟಿಯಲ್ಲಿ, ಒಂದನ್ನು ರಿಕ್ಷಾ ನಿಲ್ಲುವಲ್ಲಿ ಅಂಟಿಸಿದೆವು. ಹಾಲಿನ ಸೊಸೈಟಿಯಲ್ಲಿ ಬೆಳಿಗ್ಗೆ ಹೇಳಿದ ಮಾತು ಮಧ್ಯಾಹ್ನಕ್ಕೆ ಊರೆಲ್ಲ ಹಬ್ಬಿರುತ್ತದೆ, ಅದಕ್ಕೆ ಸಮನಾದ ಪತ್ರಿಕೆ ಇಲ್ಲ! ಒಂದು ಉಪಾಯ ಮಾಡಿದೆವು. ನಾಯಿಯ ಹಿಂಗಾಲಿನಲ್ಲಿ ಬಿಳಿ ಮಚ್ಚೆ ಇತ್ತು. ಅದನ್ನು ಮಾತ್ರ ಬರೆಯಲಿಲ್ಲ. ಕೇಳಿಕೊಂಡು ಬಂದವರು ಆ ಗುರುತನ್ನು ಹೇಳಬೇಕು, ಆಗ ನಾಯಿ ಅವರದೇ ಎಂದು ನಂಬಬಹುದು.

ಸಿಕ್ಕಿದ್ದು ತನ್ನದೇ ಎಂದುಕೊಳ್ಳುವುದಕ್ಕೆ ಕಾನೂನು ಕೂಡ ಒಪ್ಪುವುದಿಲ್ಲ. 1872ರ ಭಾರತೀಯ ಒಪ್ಪಂದ ಕಾಯಿದೆಯ ಪ್ರಕಾರ, ಇನ್ನೊಬ್ಬರ ವಸ್ತು ಸಿಕ್ಕಿ ಅದನ್ನು ಇಟ್ಟುಕೊಂಡವನು ತನ್ನದನ್ನು ನೋಡಿಕೊಳ್ಳುವಂತೆಯೇ ಅದನ್ನು ಜೋಪಾನ ಮಾಡಬೇಕು. ದನಗಳಿಗಂತೂ ಇನ್ನೂ ಒಂದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷ್ ಸರಕಾರ ಒಂದು ಕಾಯಿದೆ ಮಾಡಿತ್ತು. ಆಗ ನಮ್ಮ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಬೆಳೆ ತಿಂದ ದನವನ್ನು ದೊಡ್ಡಿಗೆ ಹೊಡೆಯುತ್ತಿದ್ದರು. ಯಜಮಾನ ದಂಡ ಕೊಟ್ಟು ಬಿಡಿಸಿಕೊಳ್ಳಬೇಕು. ಏಳು ದಿನ ಯಾರೂ ಬಾರದಿದ್ದರೆ ಪೊಲೀಸ್ ಠಾಣೆಯಲ್ಲಿ ನೋಟೀಸು ಹಚ್ಚಿ, ಊರಿನಲ್ಲಿಯೂ ಸಂತೆಯಲ್ಲಿಯೂ ಡಂಗುರ ಸಾರಬೇಕು. ಮತ್ತೆ ಏಳು ದಿನ ಕಾಯಬೇಕು. ಅನಂತರವೇ ಹರಾಜು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ನಮ್ಮ ಬೊಳ್ಳಿ ಎಂಬ ದನ ಹೀಗೆ ದೊಡ್ಡಿ ಸೇರಿತ್ತು. ಅದು ಗಿಡ್ಡ ತಳಿ. ಕಾಸರಗೋಡಿನ ಗಿಡ್ಡ ದನಗಳು ಗುಡ್ಡದಲ್ಲಿ ತಾವೇ ಮೇದು ಬರುವಂಥವು. ಬದಿಯಡ್ಕದ ಹತ್ತಿರ ಬೇಳದಲ್ಲಿ ಈ ತಳಿಯನ್ನು ಉಳಿಸಲೆಂದೇ ಒಂದು ಸರಕಾರಿ ಕೇಂದ್ರವಿದೆ. ಸಂಜೆಗೆ ಬೊಳ್ಳಿ ಬರಲಿಲ್ಲ. ಅಜ್ಜಿ ಕೊರಗಜ್ಜನಿಗೆ ಚಕ್ಕುಲಿಯ ಹರಕೆ ಹೇಳಿಕೊಂಡರು. ಹೇಳಿಕೊಂಡು ಸುಮ್ಮನೆ ಕೂರಲಿಲ್ಲ, ಟಾರ್ಚು ಹಿಡಿದು ನಮ್ಮೊಂದಿಗೆ ಗುಡ್ಡ ಹತ್ತಿದರು. ಮರುದಿನ ದೊಡ್ಡಿಯಲ್ಲಿ ಸಿಕ್ಕಿತು. ಅಪ್ಪ ದಂಡ ಕಟ್ಟಿದರು. ಬೆಳೆ ಹೋದವರ ಮನೆಗೆ ಹೋಗಿ ತಪ್ಪಾಯಿತು ಎಂದೂ ಹೇಳಿ ಬಂದರು. ಈಗ ಅಂಥ ದನಕ್ಕೆ ತೋಟದ ಬೇಲಿಗಿಂತ ದೊಡ್ಡ ಅಪಾಯ ಹೆದ್ದಾರಿಯದು. ಆರು ಪಥದ ರಸ್ತೆಯನ್ನು ಅದು ದಾಟುವುದು ಹೇಗೆ? ಗಾಯಗೊಂಡ ಪ್ರಾಣಿಯನ್ನು ಕಂಡರೆ ನೀವು ರಸ್ತೆಗೆ ಇಳಿಯಬೇಡಿ. ಹಿರಿಯರಿಗೆ ತಿಳಿಸಿ. 1962 ಎಂಬ ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುವೈದ್ಯರ ನೆರವು ಕೇಳಬಹುದು.

ನಿಮ್ಮ ಮನೆಯ ಪ್ರಾಣಿಯೇ ಕಾಣೆಯಾದರೆ ಮೊದಲು ಹತ್ತಿರದಲ್ಲಿ ಹುಡುಕಿ. ಬೆಕ್ಕು ಹೆಚ್ಚಾಗಿ ದೂರ ಹೋಗುವುದಿಲ್ಲ. ಬೈಹುಲ್ಲಿನ ರಾಶಿ, ನೆರೆಮನೆಯ ಅಟ್ಟ, ಸೌದೆ ಕೊಟ್ಟಿಗೆ ಇಲ್ಲೆಲ್ಲ ಅಡಗಿ, ಕರೆದರೂ ಓಗೊಡದೆ ಕೂತಿರುತ್ತದೆ. ರಾತ್ರಿ ಸದ್ದಡಗಿದ ಮೇಲೆ ಮೆಲ್ಲನೆ ಕರೆದು ನೋಡಿ.

ನಿಜವಾಗಿ ಯಾರಿಗೂ ಸೇರದ ಮರಿ ಸಿಕ್ಕಿ, ಮನೆಯವರು ಒಪ್ಪಿದರೆ ಸಾಕಬಹುದು. ಮೂರು ತಿಂಗಳಾದಾಗ ರೇಬೀಸ್ ಚುಚ್ಚುಮದ್ದು ಹಾಕಿಸಬೇಕು. ಕೇರಳದಲ್ಲಿ 1998ರ ನಿಯಮದಂತೆ ನಾಯಿಗೆ ಪಂಚಾಯತಿನಿಂದ ಲೈಸನ್ಸು ಬೇಕು. ಆದರೆ ಗಿಳಿಮರಿ ಸಿಕ್ಕಿದರೆ ಪಂಜರ ಹುಡುಕಬೇಡಿ. ಗಿಳಿ ಕಾಡುಪ್ರಾಣಿಗಳ ಲೆಕ್ಕಕ್ಕೆ ಸೇರಿದ್ದು, ಅರಣ್ಯ ಇಲಾಖೆಗೆ ತಿಳಿಸಬೇಕು.

ನಾಲ್ಕನೆಯ ದಿನ ಹೆದ್ದಾರಿಯ ಆಚೆ ಬದಿಯಿಂದ ಒಬ್ಬರು ಅಜ್ಜಿ ಬಂದರು. ನಾವು ಕೇಳುವ ಮೊದಲೇ ಬಿಳಿ ಮಚ್ಚೆಯ ಗುರುತು ಹೇಳಿದರು. ಕೊಟ್ಟಿಗೆಯ ಹೊರಗೆ ನಿಂತು ತುಳುವಿನಲ್ಲಿ "ಬಲ" ಎಂದು ಕರೆದದ್ದೇ ತಡ, ರಾಜು ಎಂಬ ಹೆಸರಿಗೆ ಒಮ್ಮೆಯೂ ತಲೆ ಎತ್ತದ ನಾಯಿ ಕುಣಿದು ಅವರ ಕಾಲಿಗೆ ಸುತ್ತಿಕೊಂಡಿತು. ಅವರಿಗೆ ಮನೆಯಲ್ಲಿ ಅದೊಂದೇ ಜೊತೆಯಂತೆ.

ಹುಡುಗ ಎರಡು ದಿನ ನನ್ನಲ್ಲಿ ಮಾತನಾಡಲಿಲ್ಲ. ಮೂರನೆಯ ದಿನ ಬಂದು, "ಮಾಷ್ಟ್ರೇ, ಆ ಅಜ್ಜಿಯ ಮನೆ ಎಲ್ಲಿ?" ಎಂದು ಕೇಳಿದ.